ಖಾಲಿ ತೂಕ, ಭರ್ತಿ ತೂಕ

ನಲವತ್ತೊಂದು ಕಿಲೊ ನಾನು. ಅದಕ್ಕೇ ಆರಿಸಿದರು.
ನಗಾರಿಯವಳು ಹಗುರ ಇರಬೇಕಂತೆ, ದೋಣಿಯ ನಿಯಮ.
ಹಗುರಾಗಿ ಕಂಡವರ ನಡುವೆ ಹನ್ನೊಂದು ವರುಷ ದುಡಿದವಳಿಗೆ
ಅದೂ ಒಂದು ಅರ್ಹತೆಯೆಂದು ಈಗ ಗೊತ್ತಾಯಿತು.

ಗಿಣಿಗೇರಾ ರಸ್ತೆಯ ಕಾರ್ಖಾನೆ. ಗೇಟಿನ ಪಕ್ಕ
ವೇಬ್ರಿಡ್ಜಿನ ಗಾಜಿನ ಗೂಡು, ಒಳಗೆ ನಾನು, ಒಂದು ಫ್ಯಾನು.
ಲಾರಿ ಬರುವಾಗ ಖಾಲಿ ತೂಕ, ಹೋಗುವಾಗ ಭರ್ತಿ ತೂಕ.
ಭರ್ತಿಯಲ್ಲಿ ಖಾಲಿ ಕಳೆದರೆ ಮಾಲು.
ಡ್ರೈವರನ ಮುಖ ನೋಡುವ ಕೆಲಸ ಇದರಲ್ಲಿಲ್ಲ.

ಮುನಿರಾಬಾದಿನ ಹಿನ್ನೀರಿನಲ್ಲಿ ಕಂಪನಿ ಕಂಪನಿಗಳ ಪಂದ್ಯ.
ಕೇರಳದಿಂದ ಲಾರಿ ಮೇಲೆ ಬಂತು ಉದ್ದನೆಯ ದೋಣಿ,
ಮೂತಿಗೆ ಕೆಂಪು ನಾಲಿಗೆಯ ಚೀನಾದ ಪ್ರಾಣಿ.
ಕ್ಯಾಂಟೀನಿನ ಫಕೀರವ್ವ ಸೆರಗು ಬಾಯಿಗಿಟ್ಟು ನೋಡಿದಳು:
“ಯಾಳಿ ಐತಲ್ಲ ಬೇ ಇದು! ಗುಡಿ ಕಂಬ ಬಿಟ್ಟು ನೀರಿಗ್ಯಾಕ ಬಂತು?”
ಅಂದಿನಿಂದ ಅದು ಯಾಳಿಯೇ.

ಎಡಕ್ಕೆ ಹತ್ತು, ಬಲಕ್ಕೆ ಹತ್ತು, ತೂಕ ಸಮ ಇರಬೇಕು,
ನೀನೇ ಮಾಡು ಲೆಕ್ಕ ಎಂದರು ಎಚ್‌ಆರ್ ಮೇಡಂ.
ಉಳ್ಳಾಗಡ್ಡಿ ತೂಗುವ ಕಾಟಾದ ಮೇಲೆ
ಒಬ್ಬೊಬ್ಬರನ್ನೇ ನಿಲ್ಲಿಸಿದೆ, ಚಪ್ಪಲಿ ಬಿಡಿಸಿ.
ಕುಲುಮೆಯ ರಾಜಾಬಕ್ಷಿ ಅರವತ್ತೆರಡು.
ಅಕೌಂಟ್ಸಿನ ಮಾರ್ಕಂಡೇಯ ಎಪ್ಪತ್ತು, ಎರಡು ಮೊಬೈಲು ಸೇರಿ.
ಗುತ್ತಿಗೆಯ ಗವಿಸಿದ್ದ ಐವತ್ತೆಂಟು. ರಾತ್ರಿ ಪಾಳಿ ಮುಗಿಸಿ ಬಂದಿದ್ದ,
ಮೈಮೇಲಿನ ಕರಿ ಧೂಳು ಅವನದೋ ಕಂಪನಿಯದೋ
ಕಳೆಯಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ.

ನಾಡಗೌಡ ಸಾಹೇಬರು, ನಮ್ಮ ಜನರಲ್ ಮ್ಯಾನೇಜರು,
ದೂರದಿಂದಲೇ “ಎಪ್ಪತ್ತೆಂಟು, ಬರಕೊ” ಎಂದರು.
“ಕಾಟಾ ಹತ್ರಿ ಸಾಹೇಬ್ರ.”
ತೊಂಬತ್ತನಾಲ್ಕು.
ನಾನೇನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ.
ಭಾರ ನಡುವೆ ಕೂರಬೇಕು: ಆರನೆಯ ಹಲಗೆ, ಬಲಕ್ಕೆ.
ಮೊದಲ ಹಲಗೆಗೆ ಗವಿಸಿದ್ದ. ಚಿಕ್ಕಂದಿನಿಂದ ಹರಗೋಲು ತಿರುಗಿಸಿದ ಕೈ;
ಅವನ ಹುಟ್ಟು ಎದ್ದಾಗ ಉಳಿದವರದು ಏಳಬೇಕು.
“ಅಂವ ಪರ್ಮನೆಂಟ್ ಅಲ್ಲ” ಎಂದಿತು ಹಿಂದಿನಿಂದ ಒಂದು ದನಿ.
“ನೀರಿಗೆ ಗೊತ್ತಾಗಂಗಿಲ್ರಿ” ಎಂದುಬಿಟ್ಟೆ.
ಆ ರಾತ್ರಿ ನಿದ್ದೆ ಬರಲಿಲ್ಲ.

ಎಲ್ಲರಿಗೂ ಮುಂದಿನ ದಡ ಕಾಣುತ್ತದೆ, ನನಗಿಲ್ಲ.
ನಗಾರಿಯವಳು ಗುರಿಗೆ ಬೆನ್ನು ಹಾಕಿ ಕೂರಬೇಕು.
ಯಾಳಿಯ ಕತ್ತು ನನ್ನ ಬೆನ್ನಿಗೆ. ಎದುರಿಗೆ ಇಪ್ಪತ್ತು ಮುಖ.
ಹನ್ನೊಂದು ವರುಷದಲ್ಲಿ ಇಷ್ಟು ಮುಖ
ಒಟ್ಟಿಗೆ ನನ್ನ ಕಡೆ ತಿರುಗಿದ್ದಿಲ್ಲ.

ಸೀಟಿ ಊದಿದರು.
ಮೊದಲ ಹತ್ತು ಏಟು ಸರಿ. ಆಮೇಲೆ
ಆರನೆಯ ಹಲಗೆಯಲ್ಲಿ ಬೇರೆಯೇ ತಾಳ,
ಸಾಹೇಬರ ಹುಟ್ಟಿನ ನೀರು ಹಿಂದಿನವನ ಕನ್ನಡಕಕ್ಕೆ.
ಮಾರ್ಕಂಡೇಯ ಬಾಯಲ್ಲೇ ಎಣಿಸುತ್ತಿದ್ದಾನೆ, ತಪ್ಪು ಎಣಿಸುತ್ತಿದ್ದಾನೆ.
ಕೂಗಿದೆ. ಹಿಂದೆ ಸರಿಯದ ಟಿಪ್ಪರಿಗೆ
ಗಾಜಿನೊಳಗಿಂದ ಹಾಕುವ ಅದೇ ಕೂಗು:
“ಸಾಹೇಬ್ರ! ಗವಿಸಿದ್ದನ ಕೈ ನೋಡ್ರಿ! ಅಂವ ಎತ್ತಿದಾಗ ಎತ್ರಿ!”

ನೋಡಿದರು.
ಎತ್ತಿದರು.
ಇಪ್ಪತ್ತು ಹುಟ್ಟು ಒಂದೇ ಸಲ ನೀರಿಗಿಳಿದ ಸದ್ದು
ಇಪ್ಪತ್ತು ಮನೆಯಲ್ಲಿ ಒಟ್ಟಿಗೆ ರೊಟ್ಟಿ ಬಡಿದ ಹಾಗೆ.
ದೋಣಿಗೆ ಆಗ ತೂಕವೇ ಇರಲಿಲ್ಲ.
ಯಾವ ಕಾಟಾದ ಮೇಲೆ ಹಿಡಿಯಲಿ ಅದನ್ನು?
ಬೆಳ್ಳಕ್ಕಿ ಎದ್ದವು. ಇಪ್ಪತ್ತು ಮುಖಗಳ ಆಚೆ
ಬಿಟ್ಟು ಬಂದ ದಡ, ದಡದಾಚೆ ನಮ್ಮದೇ ಚಿಮಣಿ
ಏಟಿಗೊಂದು ಬೆರಳು ಗಿಡ್ಡವಾಗುತ್ತ.

ಆರರಲ್ಲಿ ನಾಲ್ಕನೆಯವರಾದೆವು. ಸಿಮೆಂಟಿನವರು ಗೆದ್ದರು.
ಗೇಟಿನಲ್ಲಿ ಅಂಟಿಸಿದ ಫೋಟೋದಲ್ಲಿ
ಯಾಳಿಯ ನಾಲಿಗೆ ನನ್ನ ಮುಖಕ್ಕೆ ಅಡ್ಡ ಬಂದಿದೆ.
ಗವಿಸಿದ್ದ ಇಲ್ಲವೇ ಇಲ್ಲ, ಎರಡನೆಯ ಪಾಳಿಗೆ ಓಡಿದ್ದ.

ಸೋಮವಾರ ಸಾಹೇಬರ ಕಾರು, ಎಂದೂ ಇಲ್ಲದ್ದು,
ವೇಬ್ರಿಡ್ಜಿನ ಮೇಲೇ ಬಂದು ನಿಂತಿತು.
ಗಾಜು ಇಳಿಯಿತು. ನನ್ನ ಮುಖ ನೋಡಿ ಕೇಳಿದರು:
“ತೊಂಬತ್ತನಾಲ್ಕು ಅಂತ ಎಲ್ಲಾರಿಗೂ ಹೇಳೀಯೇನು?”
“ಇಲ್ರಿ.”
ಪರದೆಯ ಮೇಲೆ ಕಾರಿನ ಅಂಕಿ ನಡುಗಿ ನಿಂತಿತು.
ಹಿಂದೆ ಅದಿರಿನ ಲಾರಿ ಹಾರನ್ನು.
“ಸ್ಲಿಪ್ ಬೇಕೇನ್ರಿ?” ಎಂದೆ.