ಒಂದೇ ಸರ್ವನಾಮ

ಕುತೈಸಿ ಊರಿನ ಮಾತಿನಲ್ಲಿ
ಅವನು, ಅವಳು, ಅದು ಎಂಬ ಮೂರು ಬಾಗಿಲಿಲ್ಲ.
ಒಂದೇ ಪದ: ಇಸ್.
ಹಲ್ಲುಸಂದಿಯಿಂದ ಗಾಳಿ ಬಿಟ್ಟಷ್ಟೇ ಸದ್ದು.

ಎತೇರಿಗೆ ಇದು ಅನುಕೂಲವಾಗಿತ್ತು.
ಬಾವಿಯಂಥ ಮಣ್ಣೊಲೆಗೆ ಸೊಂಟದವರೆಗೆ ಬಗ್ಗಿ
ಕಾದ ಗೋಡೆಗೆ ನಾದಿದ ಹಿಟ್ಟು ಬಡಿಯುತ್ತ
ಅಜ್ಜಿ ನಾತೆಲಾಳ ಪ್ರಶ್ನೆಗಳಿಗೆ
ಒಳಗಿಂದಲೇ ಉತ್ತರ ಕೊಡುತ್ತಿದ್ದಳು:
ರೈಲ್ವೆಯಲ್ಲಿ ಕೆಲಸ. ಟಿಕೆಟ್ ಕಿಟಕಿ.
ಕುಡಿತ? ಹಬ್ಬಕ್ಕೆ ಎರಡು ಲೋಟ.
ನಕ್ಕರೆ ಒಂದು ಹಲ್ಲು ಓರೆ.
ಸೂರ್ಯಕಾಂತಿ ಬೀಜ ಮುಕ್ಕುವ ಚಟ, ಜೇಬು ತುಂಬ ಸಿಪ್ಪೆ.
ಒಂದೂ ಸುಳ್ಳಲ್ಲ.

ಕನ್ನಡದಲ್ಲಿ ಇದನ್ನು ಬಚ್ಚಿಡಲು
ನಾನು ಪಡುವ ಪಾಡು ನೋಡಿ.
ಬಂದ ಎಂದರೂ ಬಂದಳು ಎಂದರೂ
ಕ್ರಿಯಾಪದದ ಬಾಲವೇ ಚಾಡಿ ಹೇಳುತ್ತದೆ.

ಆದರೆ ಮೂರು ಚಳಿಗಾಲ
ಎತೇರಿ ಆ ಪದದ ಹಿಂದೆ ಅಡಗಿದ್ದು ಅಜ್ಜಿಯಿಂದಲ್ಲ.
ರಾತ್ರಿ, ಸೀದ ಹುಬ್ಬಿಗೆ ಬೆಣ್ಣೆ ಸವರಿಕೊಳ್ಳುತ್ತ
ಕನ್ನಡಿಗೂ ಇಸ್ ಎಂದೇ ಹೇಳುತ್ತಿದ್ದಳು.
ಸ್ನೇಹ ಇರಬಹುದು.
ಹೊಟ್ಟೆಕಿಚ್ಚು ಇರಬಹುದು, ಆ ಕೂದಲ ಮೇಲೆ.
ಮೂವತ್ತೊಂದು ತುಂಬಿತು; ಇಷ್ಟು ತಡವಾಗಿ ಯಾರಿಗಾದರೂ
ತಾನು ಯಾರೆಂದು ಗೊತ್ತಾಗುತ್ತದೆಯೇ?
ಹಿಂದೊಮ್ಮೆ ಪಕ್ಕದ ಬೀದಿಯ ಹುಡುಗ ವಖೋ ಮುತ್ತಿಟ್ಟಾಗ
ತಾನು ಮನಸ್ಸಿನಲ್ಲೇ
ಹಿಟ್ಟಿನ ಮೂಟೆ ಎಣಿಸುತ್ತಿದ್ದದ್ದು ನೆನಪಾಗಿ
ನಗು ಬಂತು,
ಆಮೇಲೆ ಬರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ
ಅಕ್ರೋಟು ಒಡೆಯುತ್ತಿದ್ದ ಅಜ್ಜಿ, ತಲೆ ಎತ್ತದೆ:
"ಭಾನುವಾರ ಊಟಕ್ಕೆ ಕರಿ.
ಒಲೆ ನೋಡಬೇಕೆಂದರೆ
ಜಡೆ ಎತ್ತಿ ಕಟ್ಟಿಕೊಳ್ಳಲಿ ಅನ್ನು,
ಕಿಡಿ ಹಾರುತ್ತೆ."

ಜಡೆಯ ಮಾತು ಎತೇರಿ ಎಂದೂ ಆಡಿರಲಿಲ್ಲ.

ಗೋಡೆಗೆ ಅಂಟಬೇಕಿದ್ದ ರೊಟ್ಟಿ
ಜಾರಿ ಕೆಂಡಕ್ಕೆ ಬಿತ್ತು.
ಸೀದ ವಾಸನೆ
ಬೀದಿಗೆಲ್ಲ ಗೊತ್ತಾಯಿತು.