ಲಾಭ, ಎರಡು, ಮೂರು

ಕಾರವಾರದ ಕಾಲೇಜು, ಎರಡನೇ ಮಹಡಿ,
ಲ್ಯಾಬಿನ ಹದಿನೇಳನೇ ಕಂಪ್ಯೂಟರು ನನ್ನದು.
ಉಪ್ಪುಗಾಳಿಗೆ ಇದರ ಸೆಮಿಕೋಲನ್ ಬಟನ್ನು ಕಚ್ಚಿಕೊಂಡಿದೆ:
ಮೆಲ್ಲಗೆ ಒತ್ತಿದರೆ ಬರುವುದೇ ಇಲ್ಲ,
ಹೆಬ್ಬೆರಳಲ್ಲಿ ಕುಟ್ಟಿದರೆ ಮೂರು.
ಮೊದಲ ವಾರ ನಾನು ಕಲಿತದ್ದು ಇಷ್ಟೇ,
ಸಾಲಿನ ಕೊನೆಗೆ ಕುಟ್ಟುವುದು,
ಹೆಚ್ಚಾದ ಎರಡನ್ನು ಅಳಿಸುವುದು.
ಅಳಿಸದಿದ್ದರೂ ನಡೆಯುತ್ತದೆಂದು
ಪರೀಕ್ಷೆ ಮುಗಿದ ಮೇಲೆ ಗೊತ್ತಾಯಿತು.

ಗುನಗಾ ಮೇಡಂ ಬೋರ್ಡಿಗೆ ಬೆನ್ನು ಕೊಟ್ಟು ಹೇಳಿದರು:
ಇಲ್ಲಿ ಎಣಿಕೆ ಸೊನ್ನೆಯಿಂದ.
ಹತ್ತು ಮನೆಗಳಿದ್ದರೆ ಕೊನೆಯ ಮನೆಯ ನಂಬರು ಒಂಬತ್ತು.
ಹಾಗಾದರೆ ಒಂದನ್ನು ತಿಂದವರು ಯಾರು ಮೇಡಂ,
ಹಿಂದಿನ ಬೆಂಚಿನ ಅಲಿಸ್ಟರ್ ಕೇಳಿದ.
ಎಲ್ಲರೂ ನಕ್ಕರು.
ನನಗೆ ಆಯಿ ನೆನಪಾದಳು,
ಮೀನುಪೇಟೆಯಲ್ಲಿ ಕುಕ್ಕರಗಾಲಲ್ಲಿ ಕೂತು
ಬಂಗುಡೆ ಎಣಿಸುವವಳು.
ಅವಳೂ ಒಂದು ಅನ್ನುವುದಿಲ್ಲ.
ಲಾಭ, ಎನ್ನುತ್ತಾಳೆ. ಆಮೇಲೆ ಎರಡು, ಮೂರು.
ಒಂದು ಎಂದರೆ ಒಂಟಿ,
ಬೆಳಗಿನ ಬೋಣಿಗೆ ಆಗಿಬರದ ಮಾತು.
ಯಂತ್ರಕ್ಕೂ ಅಂಥದೇ ಏನೋ ಮಡಿಯಿರಬೇಕು
ಎಂದುಕೊಂಡು ಬರೆದುಕೊಂಡೆ.

ಮೂರನೇ ವಾರ ಹತ್ತು ಮೀನಿನ ತೂಕ ತುಂಬಿ
ಒಂದೊಂದಾಗಿ ತೋರಿಸು ಎಂದೆ.
ತೋರಿಸಿತು. ಹತ್ತಾದರೂ ನಿಲ್ಲಲಿಲ್ಲ.
ಹನ್ನೊಂದನೆಯದೂ ಪರದೆಗೆ ಬಂತು:
ಮೂವತ್ತೆರಡು ಕಿಲೊ ಏಳುನೂರ ಅರವತ್ತೇಳು ಗ್ರಾಂ.
ಅಷ್ಟು ದೊಡ್ಡ ಬಂಗುಡೆ
ಬೈತಖೋಲದ ಯಾವ ದೋಣಿಗೂ ಬಿದ್ದಿಲ್ಲ.
ಕೊಸರು ಮೇಡಂ, ಎಂದೆ, ತಪ್ಪು ಮುಚ್ಚಲು,
ನಮ್ಮಲ್ಲಿ ಹತ್ತಕ್ಕೆ ಒಂದು ಮೇಲೆ ಹಾಕುತ್ತಾರೆ.
ಮೇಡಂ ಕನ್ನಡಕ ಹಣೆಗೇರಿಸಿದರು.
ವಿಶಾಖಾ ತಾಂಡೇಲ,
ಕೊಸರು ಕೊಡುವವಳು ತನ್ನ ಬುಟ್ಟಿಯಿಂದ ಕೊಡುತ್ತಾಳೆ.
ನೀನು ಕೈಹಾಕಿದ್ದು ಪಕ್ಕದವಳ ಬುಟ್ಟಿಗೆ.
ಅಲ್ಲಿರುವುದು ಮೀನೋ ಕಲ್ಲೋ, ನಿನಗೇನು ಗೊತ್ತು?

ಕೊನೆಯಿಲ್ಲದ ಲೂಪಿಗೆ ಉದಾಹರಣೆ ಕೇಳಿದಾಗ
ಇಡೀ ಕ್ಲಾಸು ಕಿಟಕಿಯ ಕಡೆ ತಿರುಗಿತು.
ಅಲೆ ಬೇಡ, ಎಂದರು ಮೇಡಂ.
ಹನ್ನೆರಡು ವರ್ಷದಿಂದ ಪ್ರತಿ ಬ್ಯಾಚೂ ಅಲೆಯನ್ನೇ ಹೇಳಿದೆ.

ಸೆಮಿಸ್ಟರಿನ ಕೊನೆಗೆ ಸ್ವಂತದ್ದೊಂದು ಪ್ರೋಗ್ರಾಂ ಬೇಕಿತ್ತು.
ಆಯಿಯ ಒಂದು ದಿನ ಬರೆಯಲು ಹೊರಟೆ.
ಬುಟ್ಟಿಯಲ್ಲಿ ಮೀನಿರುವ ತನಕ ಕೂಗು,
ಮಾಜಾಳಿಯ ಬಸ್ಸು ಬಂದರೆ ನಿಲ್ಲಿಸು,
ಉಳಿದದ್ದಕ್ಕೆ ಉಪ್ಪು ಹಾಕು.
ಇಲ್ಲಿಯವರೆಗೆ ಸರಿ. ತೊಡಕಾದದ್ದು ದರ.
ಬೈಕಿನಿಂದ ಇಳಿಯದೆ ಕೇಳಿದವನಿಗೆ ಇನ್ನೂರು.
ನೇವಲ್ ಬೇಸಿನ ಸಾಹೇಬರ ಹೆಂಡತಿಗೆ ಇನ್ನೂರೈವತ್ತು,
ಅವಳೇ ಹಿಂದಿ ಬಿಟ್ಟು ಕೊಂಕಣಿಯಲ್ಲಿ ತೊದಲಿದರೆ ನೂರೆಂಬತ್ತು.
ಕಿವಿರು ಎತ್ತಿ ನೋಡುವವರಿಗೆ ಒಂದು,
ನೋಡದೆ ನಂಬುವವರಿಗೆ ಇನ್ನೊಂದು.
ಬಸುರಿಗೆ ಹೇಳಿದ್ದೆಷ್ಟೋ, ತೆಗೆದುಕೊಂಡದ್ದೆಷ್ಟೋ.
ಇಪ್ಪತ್ತಮೂರು ಇಫ್‌ಗಳಾದವು.
ಇಪ್ಪತ್ತನಾಲ್ಕನೆಯದನ್ನು ಕೇಳಲು ಪೇಟೆಗೇ ಹೋದೆ.
ಇದಕ್ಕೆಲ್ಲ ನಿಯಮ ಏನು ಆಯಿ?
ಐಸು ಒಡೆಯುತ್ತಿದ್ದವಳು ತಲೆಯೆತ್ತಲಿಲ್ಲ.
ಬಾಯಿಗೆ ಬರ್ತದೆ, ಹೇಳ್ತೆ, ಅಂದಳು.

ಕೊನೆಗೊಂದು ಎಲ್ಸ್ ಬರೆದು
ಅದರ ಮುಂದೆ ಏನೂ ಬರೆಯದೆ ರೆಕಾರ್ಡು ಒಪ್ಪಿಸಿದೆ.
ಹತ್ತಕ್ಕೆ ಆರೂವರೆ. ಕೆಂಪು ಶಾಯಿಯಲ್ಲಿ ಷರಾ:
ಇದು ಓಡುವುದಿಲ್ಲ.
ಎಷ್ಟು ಹೊತ್ತಿಗೆ ಹೋದರೆ ತಾಜಾ ಸಿಗುತ್ತದೆ?

ರಾತ್ರಿ ಮಾಜಾಳಿಯ ಮನೆಯಲ್ಲಿ
ಒದ್ದೆ ನೋಟುಗಳನ್ನು ಚಾಪೆಯ ಮೇಲೆ ಹರವಿ ಒಣಗಿಸಿ
ಹತ್ತರ ನೋಟು ಅವಳು ಎಣಿಸುತ್ತಾಳೆ,
ಕೂತಲ್ಲೇ ನಾನೂ.
ಅವಳ ತುಟಿಯಲ್ಲಿ ಲಾಭ, ನನ್ನದರಲ್ಲಿ ಸೊನ್ನೆ.
ಎಷ್ಟಾಯ್ತು?
ಮೂವತ್ತೊಂಬತ್ತು, ಎಂದೆ, ಬಾಯಿತಪ್ಪಿ.
ನಲವತ್ತಲ್ಲವಾ ಗೋ, ಒಂದು ಎಲ್ಲಿ ಹೋಯ್ತು?
ಚಾಪೆ ಎತ್ತಿ ನೋಡಿದಳು, ಸೆರಗು ಕೊಡವಿದಳು,
ದೀಪ ಹತ್ತಿರ ಎಳೆದಳು.
ಹೇಳಲು ಬಾಯಿ ತೆರೆದೆ, ಬಿಟ್ಟೆ.
ಕಟ್ಟನ್ನು ನನ್ನ ಕೈಗೆ ಹಾಕಿದಳು. ಮತ್ತೆ ಎಣಿಸು.
ನೋಟಿನ ಅಂಚಿಗೆ ಒಂದು ಹುರುಪೆ ಅಂಟಿತ್ತು,
ಉಗುರಿನಲ್ಲಿ ಕೆರೆದು ತೆಗೆದೆ.
ಲಾಭ, ಎಂದೆ.