ಎರಡನೇ ಫೋಟೋ

ಬಿದ್ದಿರಲಿಲ್ಲ. ಎಡವಿರಲಿಲ್ಲ.
ಯಾರ ಬೂಟೂ ತುಳಿದಿರಲಿಲ್ಲ.
ಮುನಿರಾಬಾದಿನ ಕವಾಯತು ಮೈದಾನದಲ್ಲಿ
ಆರನೇ ವಾರದ ಒಂದು ಮಂಗಳವಾರ
ಬಲಗಾಲಿನೊಳಗೆ ಯಾರೋ
ಮೆಲ್ಲಗೆ ಕೆಮ್ಮಿದ ಹಾಗಾಯಿತು, ಅಷ್ಟೆ.

ಕೂತರೆ ಇಲ್ಲ, ನಡೆದರೆ ಇದೆ.
ನಸುಕಿನಲ್ಲಿ ಇಲ್ಲ, ನಾಲ್ಕನೇ ಸುತ್ತಿಗೆ ಇದೆ.
ಎರಡನೇ ಬೆರಳಿನ ಬುಡದಿಂದ ಮೂರು ಬೆರಳು ಹಿಂದೆ
ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಜಾಗ;
ಅಲ್ಲಿ ಹೆಬ್ಬೆಟ್ಟು ಊರಿದರೆ ಕಣ್ಣಲ್ಲಿ ನೀರು,
ತುಸು ಪಕ್ಕಕ್ಕೆ ಊರಿದರೆ
ಅದು ಯಾರ ಕಾಲೋ.

ಮೊದಲ ಫೋಟೋದಲ್ಲಿ ಏನೂ ಬರಲಿಲ್ಲ.
ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು
ಉಸ್ತಾದ್ ಯಂಕೋಬ ಓದಿದರು:
"ಎಲುಬು ನೆಟ್ಟಗ ಐತಿ. ನೆಟ್ಟಗಿಲ್ಲದ್ದು ನೀನು."
ಹಾಳೆಯಾಚೆ ದೂರದಲ್ಲಿ ಡ್ಯಾಮಿನ ಗೋಡೆ.
ನನ್ನ ಬೆರಳೆಲುಬುಗಳ ಸಂದಿಯಲ್ಲಿ
ಅಷ್ಟೂ ನೀರು ನಿಂತಿತ್ತು.

ಎದೆಯ ಮೇಲೆ ನಲವತ್ತೊಂದು,
ಕರೆಯುವ ಹೆಸರು ಹುಲಿಗೆಮ್ಮ, ಕುಷ್ಟಗಿ ತಾಲ್ಲೂಕು.
ಹಿಂದಿನ ಸಲದ ಭರ್ತಿಯಲ್ಲಿ
ಎರಡೇ ಸೆಕೆಂಡಿಗೆ ಮನೆಗೆ ಹೋದವಳು.
"ನಾಟಕ" ಅಂದರು ಬ್ಯಾರಕ್ಕಿನಲ್ಲಿ.
ಇರಬಹುದು ಎಂದುಕೊಂಡು
ಇನ್ನೂ ಹತ್ತು ದಿನ ಓಡಿದೆ.
ಬೂಟಿನ ಲೇಸು ಬಿಗಿಯುವಾಗಲೆಲ್ಲ
ನನ್ನ ಕಾಲಿಗೆ ನಾನೇ ಬೈದೆ,
ಅವ್ವ ಬೈಯದ ಬೈಗುಳ.

ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರ್ ತಬಸ್ಸುಮ್
ಹಾಳೆ ನೋಡಲಿಲ್ಲ. ನಾಣ್ಯದ ಜಾಗ ಒತ್ತಿ ನೋಡಿದರು.
"ಎಲುಬು ಕಲ್ಲಲ್ಲವ್ವ.
ದಿನಾ ಒಂದೀಟು ಕೆಡವಿಕೋತೈತಿ,
ದಿನಾ ಒಂದೀಟು ಕಟ್ಟಿಕೋತೈತಿ.
ನಡೆದರ ಗಟ್ಟಿ ಆಗತೈತಿ, ಖರೆ.
ಆದ್ರ ಹಳೇ ಗ್ವಾಡಿ ಕಿತ್ತು
ಹೊಸಾದು ಇನ್ನೂ ಹಸಿ ಇದ್ದಾಗ
ಅದರ ಮ್ಯಾಲೆ ಪಲ್ಟನ್ನು ಕುಣಿದ್ರ?"
ಸೀಳು ಕೂದಲಷ್ಟು ಸಣ್ಣದು, ಫೋಟೋಕ್ಕೆ ಸಿಗದು ಎಂದರು.
ಮೂರು ವಾರ ಬಿಟ್ಟು ಬಾ ಎಂದರು.
ಅಲ್ಲಿತನಕ ಓಟ ಇಲ್ಲ, ಬೂಟು ಇಲ್ಲ, ಹಟ ಇಲ್ಲ.

ಎರಡನೇ ಫೋಟೋದಲ್ಲಿ ಬಂತು.
ಎಲುಬಿನ ಸುತ್ತ ಒಂದು ಬಿಳಿ ಮಬ್ಬು,
ಕಾಯಿ ಒಡೆದು ಇಣುಕಿದ ಹತ್ತಿಯ ತೊಳೆ.
"ಇದಾ ಮೇಡಂ ಮುರಿದದ್ದು?"
"ಅಲ್ಲ, ಕೂಡಾಕ ಹತ್ತಿದ್ದು.
ಕೂಡಾಕ ಹತ್ತಿದ ಮ್ಯಾಲೇ
ಮುರಿದದ್ದು ಕಾಣಸತೈತಿ."

ಉಸ್ತಾದರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು.
ತಪ್ಪಾಯಿತು ಅನ್ನಲಿಲ್ಲ.
ಮರುದಿನ ಮೈದಾನದ ಅಂಚಿಗೆ, ಬೇವಿನ ನೆರಳಿಗೆ
ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು.

ಭಾನುವಾರ ಅವ್ವ ಬಂದಳು. ಕಟಕು ರೊಟ್ಟಿ, ಶೇಂಗಾ ಹಿಂಡಿ.
ನನ್ನ ಕಾಲನ್ನು ತೊಡೆಗೆ ಎಳೆದುಕೊಂಡು
ಹಸಿ ಮಗುವಿಗೆ ಎಣ್ಣೆ ತೀಡುವ ಹಾಗೆ ತೀಡಿದಳು.
ಮಡಚಿ ಕೂತ ಅವಳ ಪಾದ ನನ್ನ ಮಗ್ಗುಲಲ್ಲೇ ಇತ್ತು.
ಸುಮ್ಮನೆ ಕೈಯಿಟ್ಟೆ.
ಎರಡನೇ ಬೆರಳಿನ ಬುಡದಿಂದ ಮೂರು ಬೆರಳು ಹಿಂದೆ
ಕಡಲೆಕಾಳಿನಷ್ಟು ಗಂಟು.

"ಇದೇನವ್ವ?"
"ಅದಾ? ಕಾಲುವಿಗೆ ಕಾಂಕ್ರೀಟು ಹೊತ್ತ ವರ್ಷದ್ದು.
ನೀ ಹೊಟ್ಯಾಗಿದ್ದಿ. ತಾನ ಬಂತು, ತಾನ ಹೋತು."
"ಎಷ್ಟು ದಿನ ಕೂತಿದ್ದಿ?"
ಅವ್ವ ನಕ್ಕಳು, ರೊಟ್ಟಿ ಮುರಿದಳು.
"ಕೂಡಾಕ ಯಾರು ಕುರ್ಚಿ ಹಾಕಿದ್ರು?"

ಇವತ್ತು ಐದನೇ ವಾರ.
ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆ
ನೂರು ಜನರ ಎಡ-ಬಲ ಒಂದೇ ಸದ್ದು.
ಒಂದೇ ಅನ್ನುವುದು ಓಡುವವರ ಕಿವಿಗೆ.
ಕೂತವಳಿಗೆ ಬೇರೆ ಕೇಳುತ್ತದೆ:
ಕೊನೆಯ ಸಾಲು, ಅರವತ್ತೇಳು,
ಬಲಗಾಲು ನೆಲಕ್ಕೆ ಬರುವುದು
ಒಂದು ಗುಂಜಿ ತಡ.

ಉಸ್ತಾದರು ಸೀಟಿ ಬಾಯಿಗೆ ಇಡುವ ಮೊದಲೇ
ಕೈ ಎತ್ತಿದೆ:
"ಸರ್, ಇನ್ನೊಂದು ಕುರ್ಚಿ ಬೇಕಾಗೇತಿ."